ಒಂದು ಹಿಡಿ ಕಲ್ಯಾಣ ಮಂಟಪ

ದೇವದುರ್ಗದ ಅಕ್ಕಿ ವ್ಯಾಪಾರಿ ಬಸವಲಿಂಗನಿಗೆ ಕಾರ್ಡುಗಳ ಪರಿಚಯವೇ ಇರಲಿಲ್ಲ ಎಂದೇನಲ್ಲ. ರೇಷನ್ ಕಾರ್ಡು, ಆಧಾರ್ ಕಾರ್ಡು, ಪ್ಯಾನ್ ಕಾರ್ಡು, ಮದುವೆಯ ದಿನಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ರಾಶಿ ಬೀಳುವ ಲಗ್ನದ ಕಾರ್ಡು, ಎಲ್ಲವನ್ನೂ ಕಂಡವನೇ. ಆದರೆ ಇವ್ಯಾವುದರಲ್ಲೂ, ಪ್ಯಾನ್ ಕಾರ್ಡಿನಲ್ಲಿ ಕೂಡ, ಫ್ಯಾನ್ ಇರುವುದಿಲ್ಲ. ಈಗ ಹೆಂಡತಿ ನಾಗರತ್ನಾ ತರಲು ಹೇಳುತ್ತಿದ್ದ ಕಾರ್ಡಿನಲ್ಲಿ ಫ್ಯಾನ್ ಇತ್ತು. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಮೂರು. ಅವನ ಗೊಂದಲ ಶುರುವಾದದ್ದೇ ಅಲ್ಲಿಂದ.

"ಮೂರು ಫ್ಯಾನಿಂದ ತಗೊಂಡ್ರ ಚಲೋ ಅಲ್ಲೇನು? ನಮ್ ಕಡಿ ಬಿಸಲು ನೋಡು," ಎಂದ.

"ಫ್ಯಾನು ನಿಮಗಲ್ರೀ, ಅದಕ್ಕ," ಎಂದಳು ನಾಗರತ್ನಾ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ನಾಗರತ್ನಾ ಸಿವಿಲ್ ಎಂಜಿನಿಯರು. ಕೆಳಗೆ ಗಂಡನ ಅಕ್ಕಿ ಅಂಗಡಿ, ಮೇಲೆ ಅವಳ ನಕ್ಷೆಯ ಕೋಣೆ. ಮೂರು ತಾಲ್ಲೂಕಿನಲ್ಲಿ ಅವಳು ಬರೆದ ಮನೆಗಳು ಎದ್ದು ನಿಂತಿದ್ದವು, ಆದರೆ ಪ್ರತಿ ನಕ್ಷೆಯ ಮೂಲೆಯಲ್ಲೂ ಇನ್ಯಾರೋ ಎಂಜಿನಿಯರನ ಹೆಸರು, ಇನ್ಯಾರದೋ ಸಹಿ. ಈ ಸಲ ಮಾತ್ರ ಸ್ವಂತ ಹೆಸರಿನಲ್ಲಿ ಒಂದು ಕೆಲಸ ಕೈಗೆ ಬರುವಂತಿತ್ತು. ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರ ಮುದುಕಪ್ಪ ಸಿರವಾರದ ರಸ್ತೆಗೆ ಒಂದು ಕಲ್ಯಾಣ ಮಂಟಪ ಕಟ್ಟಿಸಲು ಹೊರಟಿದ್ದರು. ಬಸವಲಿಂಗನ ಅಂಗಡಿಗೆ ಅಕ್ಕಿ ಬರುತ್ತಿದ್ದುದೂ ಅವರ ಮಿಲ್ಲಿನಿಂದಲೇ. ಕಾಗದದ ಮೇಲಿನ ಗೆರೆ ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. "ನಂಗ ಮಂಟಪದಾಗ ಅಡ್ಡಾಡಿಸ್ರಿ. ಕಟ್ಟೋಕಿಂತ ಮೊದ್ಲ ಅಡ್ಡಾಡಿಸ್ರಿ," ಎಂದು ಅವರು ಹಟ ಹಿಡಿದಿದ್ದರು. ಭಾನುವಾರ ಮಧ್ಯಾಹ್ನದೊಳಗೆ ಪರದೆಯ ಮೇಲೆ ಅವರನ್ನು ಮಂಟಪದೊಳಗೆ ಸುತ್ತಾಡಿಸಿದರೆ ಕೆಲಸ ನಾಗರತ್ನಾಳಿಗೆ, ಇಲ್ಲದಿದ್ದರೆ ರಾಯಚೂರಿನ ದೊಡ್ಡ ಆಫೀಸೊಂದಕ್ಕೆ.

ಕಂಪ್ಯೂಟರಿನೊಳಗೆ ಕಟ್ಟಿದ ಮಂಟಪಕ್ಕೆ ಬೆಳಕು, ನೆರಳು, ಬಣ್ಣ ಕೊಟ್ಟು ವಿಡಿಯೋ ಮಾಡಿ ಹೊರಗೆ ತೆಗೆಯುವುದಕ್ಕೆ ರೆಂಡರ್ ಎನ್ನುತ್ತಾರೆ. ನಾಗರತ್ನಾಳ ಹಳೆಯ ಯಂತ್ರ ಒಂದು ಕುರ್ಚಿಯ ನೆರಳು ಬಿಡಿಸುವುದರೊಳಗೆ ಬಿಸಿಲೇ ಇಳಿದುಹೋಗುತ್ತಿತ್ತು. ರೆಂಡರ್ ಆಗದಿದ್ದರೆ ಟೆಂಡರ್ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು.

"ಎರಡು ಅದಾವು. ರಾಯಚೂರಾಗ ಅಲ್ತಾಫ್ ಹತ್ರ ಹೊಸಾದು, ಮಾನ್ವಿಯಾಗ ಗುಲಾಮ್ ದಸ್ತಗೀರ್ ಹತ್ರ ಹಳೇದು. ನೀವು ಹೆಂಗೂ ಮಾಲು ಒಯ್ಯಾಕ ಹೊಂಟೀರಿ. ಎರಡೂ ತರ್ರಿ. ಇಲ್ಲಿ ಹಾಕಿ ನೋಡಿ ಒಂದು ಇಟಗೊಂಡು ಒಂದು ವಾಪಸ್ ಕೊಡೂಣು," ಎಂದಳು.

"ಎರಡು ಮಾಲು ಹೋಲಿಸೂದು ನನ್ನ ಕೆಲಸ. ಅದನ್ನ ನಂಗ ಬಿಡು," ಎಂದ ಬಸವಲಿಂಗ. ಅವನು ಹುಟ್ಟಿದ್ದೇ ಅಕ್ಕಿ ಚೀಲಗಳ ನಡುವೆ.

ರಾಯಚೂರಿನ ಅಲ್ತಾಫ್ ಕ್ರಿಕೆಟ್ ಕಾಮೆಂಟರಿ ಹೇಳುವವನ ಹಾಗೆ ಮಾತಾಡುತ್ತಿದ್ದ. ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿ, ಪರದೆಯ ಮೇಲೆ ಬೆಂಕಿ, ನೀರು, ಹಾರುವ ಹಕ್ಕಿಗಳ ಒಂದು ಪರೀಕ್ಷೆ ಓಡಿಸಿ, ಕೊನೆಗೆ ಮೂಡಿದ ದೊಡ್ಡ ಅಂಕಿಯ ಮುಂದೆ ಕೈ ಎತ್ತಿ ನಿಂತ. "ದೇಖೋ ಬಸವಲಿಂಗ್ ಭಾಯ್, ಸ್ಕೋರ್ ದೇಖೋ! ಫಾರ್ಟಿ ಸಿಕ್ಸ್ಟಿ ಅಂದ್ರ ಫಾರ್ಟಿ ಸಿಕ್ಸ್ಟಿನ!"

"ಫಾರ್ಟಿ ಸಿಕ್ಸ್ಟಿ ಅಂದ್ರ ಸೈಟಿನ ಅಳತಿ ಅಲ್ಲೇನು?"

"ಸೈಟ್ ಅಲ್ಲ ಭಾಯ್, ಕಾರ್ಡಿನ ನಂಬರ್. ಆ ಮಾನ್ವಿದು ಥರ್ಟಿ ಸಿಕ್ಸ್ಟಿ."

ಮೂವತ್ತು ಅರವತ್ತರ ಸೈಟಿಗಿಂತ ನಲವತ್ತು ಅರವತ್ತರದು ದೊಡ್ಡದು. ಇದನ್ನು ಉಪನೋಂದಣಾಧಿಕಾರಿಗಳ ಕಚೇರಿಯವರೂ ಒಪ್ಪುತ್ತಾರೆ. ಬಸವಲಿಂಗ ತಲೆಯಾಡಿಸಿದ. ಆದರೆ ಅಲ್ತಾಫ್ ನಿಲ್ಲಿಸಲಿಲ್ಲ. ಸ್ಕೋರು ಹೆಚ್ಚಿದ್ದಷ್ಟೂ ಒಳ್ಳೆಯದಂತೆ. ಚಿತ್ರ ಮುಗಿಸಲು ಹಿಡಿಯುವ ಸಮಯ ಕಡಿಮೆ ಇದ್ದಷ್ಟೂ ಒಳ್ಳೆಯದಂತೆ. ಕಾವು ಕಡಿಮೆ ಇರಬೇಕು, ಕರೆಂಟು ಕಡಿಮೆ ತಿನ್ನಬೇಕು, ವೇಗ ಹೆಚ್ಚಿರಬೇಕು. ಬಸವಲಿಂಗ ಇದನ್ನೆಲ್ಲ ಮನಸ್ಸಿನಲ್ಲೇ ಅಕ್ಕಿಗೆ ತಿರುಗಿಸಿಕೊಂಡ. ಕಾಳಿನ ಉದ್ದ ಹೆಚ್ಚಿರಬೇಕು, ನುಚ್ಚು ಕಡಿಮೆ ಇರಬೇಕು, ಹಸಿ ಕಡಿಮೆ ಇರಬೇಕು, ವಯಸ್ಸು ಹೆಚ್ಚಿರಬೇಕು. ಅಲ್ಲಿಗೆ ಬಂದು ಅವನಿಗೆ ಅನುಮಾನ ಹುಟ್ಟಿತು.

"ಇದು ಎಷ್ಟ್ ಹಳೇದು?"

"ಹಳೇದಾ? ಏ ಭಾಯ್, ಬ್ರ್ಯಾಂಡ್ ನ್ಯೂ! ಡಬ್ಬಿ ಈಗ ನಿಮ್ ಮುಂದ ಒಡದೀನಿ!"

ಬಸವಲಿಂಗನ ಮುಖ ಇಳಿಯಿತು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುವುದು ಅವನಿಗೆ ಗೊತ್ತಿಲ್ಲದ ಸಂಗತಿಯೇ? ಆದರೂ ಹೆಂಡತಿ ಹೇಳಿದ್ದಾಳೆಂದು ಡಬ್ಬಿಯನ್ನು ಬಗಲಿಗಿಟ್ಟುಕೊಂಡ.

ಮಾನ್ವಿಯ ಗುಲಾಮ್ ದಸ್ತಗೀರ್ ಬೇರೆಯ ಜಾತಿಯ ಗಂಟಲಿನವನು. ಅತ್ತರು ಮಾರುವವನಂತೆ ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತಿದ್ದ. ಮೊದಲು ಹುಡುಗರಿಗೆ ಕಂಪ್ಯೂಟರ್ ಆಟ ಆಡಿಸುವ ಅಂಗಡಿ ಇಟ್ಟಿದ್ದ. ಹುಡುಗರೆಲ್ಲ ಮೊಬೈಲಿಗೆ ಹೊರಳಿದ ಮೇಲೆ ಯಂತ್ರಗಳ ಬಿಡಿಭಾಗ ಮಾರುತ್ತಿದ್ದ. ಮೂರು ಫ್ಯಾನಿನ ಕರಿ ಕಾರ್ಡನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ತಂದ.

"ಎಷ್ಟ್ ಹಳೇದು?" ಬಸವಲಿಂಗ ಆಸೆಯಿಂದ ಕೇಳಿದ.

"ಭಾಳ ಏನ್ ಹಳೇದಲ್ರೀ ಸೇಟ್," ಎಂದ ಗುಲಾಮ್ ದಸ್ತಗೀರ್, ಕಣ್ಣು ತಪ್ಪಿಸಿ.

"ಅಷ್ಟ ಏನು? ಒಂದೀಟು ಹೆಚ್ಚಿಗಿ ಇರಬಕು."

ಮಾಲಿನ ವಯಸ್ಸು ಏರಿಸುವ ಗಿರಾಕಿಯನ್ನು ಗುಲಾಮ್ ದಸ್ತಗೀರ್ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಇವನಿಗೆ ನಿಜ ಹೇಳುವುದೇ ಸಸಾರ ಎಂದುಕೊಂಡು ಪಿಸುಗುಟ್ಟಿದ. "ಓಟದಾಗ ಆ ಹೊಸಾದು ಮುಂದರೀ, ಸುಳ್ಳು ಯಾಕ ಹೇಳ್ಲಿ. ಆದ್ರ ಇದರ ಹೊಟ್ಟಿ ದೊಡ್ಡದು. ಮೆಮೊರಿ ಅಂತಾರಲ್ಲ, ಇದಕ್ಕ ಹನ್ನೆರಡು ಜಿಬಿ. ಅದಕ್ಕ ಎಂಟು."

ದೊಡ್ಡ ಹೊಟ್ಟೆ ಒಳ್ಳೆಯದೋ, ಸಣ್ಣ ಹೊಟ್ಟೆ ಒಳ್ಳೆಯದೋ? ದುಡಿಯುವ ಆಳಾದರೆ ಒಂದು ಲೆಕ್ಕ, ಊಟಕ್ಕೆ ಕೂರುವ ನೆಂಟನಾದರೆ ಇನ್ನೊಂದು ಲೆಕ್ಕ. ದೇವದುರ್ಗ ಮುಟ್ಟುವವರೆಗೂ ಬಸವಲಿಂಗ ಟೆಂಪೋದಲ್ಲಿ ಕಾರ್ಡುಗಳನ್ನು ಎರಡು ತೊಡೆಯ ಮೇಲಿಟ್ಟುಕೊಂಡು ತೂಗಿ ನೋಡುತ್ತಲೇ ಇದ್ದ. ತೂಕದಲ್ಲಿ ಮಾತ್ರ ಹಳೆಯದೇ ಹೆಚ್ಚು. ತೂಕ ಹೆಚ್ಚಿರಬೇಕೋ ಕಡಿಮೆ ಇರಬೇಕೋ, ಅದನ್ನು ಕೇಳುವುದೇ ಮರೆತಿದ್ದ.

ನಾಗರತ್ನಾ ಎರಡನ್ನೂ ಮೇಜಿನ ಮೇಲೆ ಇಟ್ಟು, "ಇಡೀ ಮಂಟಪ ಒಂದರಾಗ ಓಡಿಸಿ, ಆಮ್ಯಾಗ ಇನ್ನೊಂದರಾಗ ಓಡಿಸಿದ್ರ ತಿಳೀತದ," ಎಂದಳು.

"ಎಷ್ಟೊತ್ತು ಹಿಡೀತದ?"

"ಒಂದೊಂದಕ್ಕ ಒಂದೊಂದು ರಾತ್ರಿ."

"ಏ, ಆಗಂಗಿಲ್ಲ. ಗುಲಾಮ್ ದಸ್ತಗೀರಗ ನಾಳಿ ಸಂಜಿ ಒಳಗ ಹೌದೋ ಅಲ್ಲೋ ಹೇಳಬಕು. ಮತ್ಯಾರೋ ಕೇಳಾಕತ್ತ್ಯಾರಂತ." ಬಸವಲಿಂಗ ಕುರ್ಚಿ ಎಳೆದುಕೊಂಡು ಕುಳಿತ. ಇಷ್ಟು ದಿನದ ಗೊಂದಲದಲ್ಲಿ ಮೊದಲ ಬಾರಿಗೆ ಅವನಿಗೆ ನೆಲ ಸಿಕ್ಕಿತ್ತು. "ನೋಡು ನಾಗೂ, ಲಾರಿ ತುಂಬ ಚೀಲ ಬರ್ತಾವು. ನಾ ಎಲ್ಲಾ ಚೀಲ ಬಿಚ್ಚಿ ನೋಡ್ತೀನೇನು? ಕಬ್ಬಿಣದ ಮೊನಿ ಚೀಲಕ್ಕ ಚುಚ್ತೀನಿ, ಒಂದು ಹಿಡಿ ಕಾಳು ಅಂಗೈಯಾಗ ಬೀಳ್ತದ. ಆ ಹಿಡಿ ಏನು ಹೇಳ್ತದೋ ಅದನ್ನ ಇಡೀ ಲಾರಿ ಹೇಳ್ತದ. ನಮ್ಮಪ್ಪನ ಕಾಲದಿಂದ ಹಿಂಗ ನಡದದ. ನಿನ್ನ ಮಂಟಪದಾಗೂ ಒಂದು ಹಿಡಿ ತಗಿ."

"ಮಂಟಪ ಅಕ್ಕಿ ಅಲ್ರೀ."

"ಹೋಲಿಸೂದು ಎಲ್ಲಾ ಕಡಿನೂ ಒಂದ. ಒಂದ ಪಾತ್ರಿ, ಒಂದ ಅಳತಿ ನೀರು, ಒಂದ ಉರಿ."

ನಾಗರತ್ನಾಳಿಗೂ ಹೊತ್ತು ಕಡಿಮೆ ಇತ್ತು. ಕಲ್ಯಾಣ ಮಂಟಪದ ಒಂದು ಮೂಲೆಯನ್ನು ಕತ್ತರಿಸಿಕೊಂಡಳು. ಒಂದು ಕಂಬ, ನಾಲ್ಕು ಕುರ್ಚಿ, ಒಂದು ದೀಪ. ಬಸವಲಿಂಗ ಕಿಟಕಿ ಮುಚ್ಚಿಸಿದ, ಕೂಲರಿಗೆ ಎರಡು ಸಲವೂ ಅಷ್ಟೇ ನೀರು ತುಂಬಿದ, ಮೊಬೈಲಿನಲ್ಲಿ ಹೊತ್ತು ನೋಡುತ್ತ ಪಕ್ಕದಲ್ಲೇ ನಿಂತ. ಥರ್ಟಿ ಸಿಕ್ಸ್ಟಿ ಉಸಿರು ಹಾಕುತ್ತ, ಫ್ಯಾನು ಬೀಸಿಕೊಳ್ಳುತ್ತ, ಬೇಸಿಗೆಯ ಪ್ಯಾಸೆಂಜರ್ ರೈಲಿನಂತೆ ಬಂತು. ಫಾರ್ಟಿ ಸಿಕ್ಸ್ಟಿ ಸದ್ದಿಲ್ಲದೆ ಮುಂಚೆಯೇ ಬಂದು ನಿಂತಿತ್ತು. ಇನ್ನೊಂದು ಹಿಡಿ ತೆಗೆದರು. ಅಡುಗೆ ಮನೆಯ ಮೂಲೆ. ಮತ್ತೆ ಹೊಸದೇ ಗೆದ್ದಿತು.

"ಮುಗೀತು," ಎಂದ ಬಸವಲಿಂಗ. ಹಳೆಯದು ಸೋತಿದ್ದು ಮಾತ್ರ ಅವನೊಳಗಿನ ಅಕ್ಕಿ ವ್ಯಾಪಾರಿಗೆ ಸ್ವಲ್ಪ ಚುಚ್ಚಿತು.

ಮರುದಿನ ಮಾನ್ವಿಗೆ ಹೋಗಿ ಥರ್ಟಿ ಸಿಕ್ಸ್ಟಿಯನ್ನು ಮರಳಿಸಿದ. ಮಾಲು ತಿರುಗಿಸುವುದಕ್ಕೂ ಅಕ್ಕಿ ವ್ಯಾಪಾರದಲ್ಲಿ ಒಂದು ಮರ್ಯಾದೆ ಉಂಟು. ಮಾಲನ್ನು ಹಳಿಯಬಾರದು, ಹೊಗಳಿಯೇ ಬೇಡವೆನ್ನಬೇಕು. ಬಸವಲಿಂಗ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ. "ಮಾಲು ಬಂಗಾರ ಅದ. ನಾ ಹೋಲಿಸಿ ನೋಡೀನಿ. ನಮ್ ಗಿರಾಕಿಗೆ ಹೊಂದಂಗಿಲ್ಲ, ಅಷ್ಟ." ಹೀಗೆ ಒಮ್ಮೆ ಬೇಡವೆಂದ ಮಾಲಿಗೆ ಮತ್ತೆ ಹೋಗಿ ಕೈ ಚಾಚುವಂತಿಲ್ಲ. ಚಾಚಿದರೆ ತನಗೆ ಮಾಲು ನೋಡಲು ಬರುವುದಿಲ್ಲ ಎಂದು ತಾನೇ ಡಂಗುರ ಹೊಡೆದ ಹಾಗೆ. ಅವನ ಅಪ್ಪ ಹಾಗೆ ಒಂದು ಸಲವೂ ಹೋಗಿರಲಿಲ್ಲ.

ಇತ್ತ ಮುದುಕಪ್ಪ ಸಾಹುಕಾರರ ಫೋನು ಶುರುವಾಯಿತು. ಅವರು ಫೋನಿನಲ್ಲಿ ಮಾತಾಡುತ್ತಿದ್ದ ದನಿಗೆ ಫೋನಿನ ಅಗತ್ಯವಿರಲಿಲ್ಲ, ಮಾನ್ವಿಯಿಂದ ದೇವದುರ್ಗಕ್ಕೆ ಹಾಗೇ ಕೇಳುತ್ತಿತ್ತು. ನಾಗರತ್ನಾಳ ನಂಬರು ಅವರಲ್ಲಿತ್ತು. ಆದರೂ ಹಚ್ಚುತ್ತಿದ್ದದ್ದು ಬಸವಲಿಂಗನಿಗೇ.

"ಏನಪಾ ಬಸವಲಿಂಗ! ಬಾಗಲದಾಗ ಕಲ್ಲಾನಿ ನಿಂದರಸು!"

"ಆಗ್ಲಿರಿ ಸಾವಕಾರ್ರ."

"ಎರಡಲ್ಲ! ಆ ಕಡಿ ಎಂಟು, ಈ ಕಡಿ ಎಂಟು! ಮೈತುಂಬ ಜೂಲು, ಗಂಟಿ!"

"ಆಗ್ಲಿರಿ."

"ಒಳಗ ಕಾರಂಜಿ! ಮ್ಯಾಲೆ ಗಾಜಿನ ಗೊಂಚಲದೀಪ! ಮತ್ತ ಕುರ್ಚಿ ಖಾಲಿ ಕಾಣಬಾರದು, ಮಂದಿ ಕುಂದರಸು!"

"ಆಗ್ಲಿರಿ ಸಾವಕಾರ್ರ, ಆಗ್ಲಿ."

ಅಕ್ಕಿಯ ಅಂಗಡಿಯಲ್ಲಿ ಗಿರಾಕಿಗೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಇಲ್ಲದ್ದನ್ನು ಪಕ್ಕದ ಅಂಗಡಿಯಿಂದ ತರಿಸಿಯಾದರೂ ಕೊಡುತ್ತಾರೆ. ಬಸವಲಿಂಗ ಒಪ್ಪಿಕೊಂಡದ್ದನ್ನೆಲ್ಲ ಮೆಟ್ಟಿಲು ಹತ್ತಿ ಹೆಂಡತಿಗೆ ತಲುಪಿಸುತ್ತಿದ್ದ. ಅವಳು ಆನೆಗೆ ಜೂಲು ಹೊಚ್ಚುತ್ತ, ಜೂಲಿಗೆ ಕಸೂತಿ ಹಾಕುತ್ತ, ಕುರ್ಚಿಗಳ ಮೇಲೆ ರೇಷ್ಮೆ ಸೀರೆಯವರನ್ನೂ ಬಿಳಿ ಧೋತರದವರನ್ನೂ ಕೂರಿಸುತ್ತ ಹೋದಳು.

ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಮಂಟಪವನ್ನು ರೆಂಡರಿಗೆ ಬಿಟ್ಟಳು. ಫಾರ್ಟಿ ಸಿಕ್ಸ್ಟಿ ಒಂದು ಗಳಿಗೆ ಗುಂಯ್‌ಗುಟ್ಟಿತು. ಪರದೆ ಕಪ್ಪಾಯಿತು. ಮೆಮೊರಿ ಸಾಲದು ಎಂಬ ಒಂದು ಸಾಲು ಬಂದು ನಿಂತಿತು. ಮತ್ತೆ ಬಿಟ್ಟಳು. ಮತ್ತೆ ಅದೇ ಸಾಲು.

"ಕರೆಂಟ್ ಹೋತೇನು?" ಎಂದ ಬಸವಲಿಂಗ.

"ಇಲ್ರೀ. ಇದರ ಹೊಟ್ಟ್ಯಾಗ ಹಿಡಿಸಲಿಲ್ಲ." ನಾಗರತ್ನಾ ಕುರ್ಚಿಗೆ ಒರಗಿದಳು. "ಇಡೀ ಮಂಟಪ, ಆನಿ, ಮಂದಿ, ದೀಪ, ಎಲ್ಲಾ ಒಮ್ಮೆಗೇ ಕಾರ್ಡಿನ ಮೆಮೊರಿಯಾಗ ಕುಂದರಬಕು. ಮೂಲಿ ಕುಂತಿತ್ತು. ಪೂರಾ ಕುಂದ್ರವಲ್ದು."

"ಮತ್ತ ಓಟದಾಗ ಗೆದ್ದಿತ್ತಲ್ಲ?"

"ಒಂದು ಹಿಡಿ ಹೊತ್ಗೊಂಡು ಓಡಿತ್ರೀ. ಈಗ ಚೀಲ ಹೊರಸೀವಿ."

ಬಸವಲಿಂಗನ ತಲೆಯಲ್ಲಿ ಲೋಕವೇ ಒಂದು ಸುತ್ತು ತಿರುಗಿತು. ಹಿಡಿ ಅಕ್ಕಿಗೂ ಚೀಲದ ಅಕ್ಕಿಗೂ ರುಚಿ ಒಂದೇ, ನಿಜ. ಆದರೆ ಹಿಡಿಯನ್ನು ಯಾರು ಬೇಕಾದರೂ ಎತ್ತುತ್ತಾರೆ ಎಂಬುದು, ದಿನಾ ಹಮಾಲರನ್ನು ನೋಡುವ ಅವನಿಗೆ, ಹೊಳೆದೇ ಇರಲಿಲ್ಲ. ಹಾಗಾದರೆ ಗುಲಾಮ್ ದಸ್ತಗೀರ್ ಹೇಳಿದ ದೊಡ್ಡ ಹೊಟ್ಟೆ ಒಳ್ಳೆಯ ಹೊಟ್ಟೆಯೇ? ಆ ಮಾತನ್ನು ತಾನು ನಾಗರತ್ನಾಳಿಗೆ ತಲುಪಿಸಿದ್ದನೋ ಇಲ್ಲವೋ, ಅದೂ ಈಗ ನೆನಪಾಗುತ್ತಿರಲಿಲ್ಲ. ಅವನ ಮೆಮೊರಿಯೂ ಸಾಲದಾಗಿತ್ತು.

"ಆನಿ, ಮಂದಿ ತಗದ್ರ ಇದರಾಗ ನಡೀತದ," ಎಂದಳು ನಾಗರತ್ನಾ. "ಸಾವಕಾರ್ರಿಗೆ ಫೋನ್ ಹಚ್ಚಿ ಆನಿ ಆಗಂಗಿಲ್ಲ ಅಂತ ಹೇಳ್ರಿ."

ಬಸವಲಿಂಗ ಫೋನು ಕೈಗೆತ್ತಿಕೊಂಡ. ಒತ್ತಿದ. ಆ ಕಡೆಯಿಂದ "ಏನಪಾ! ಆನಿ ಬಂದಾವೇನು!" ಎಂಬ ಗರ್ಜನೆ ಕೇಳಿತು.

"ಬರಾಕತ್ತಾವ್ರಿ ಸಾವಕಾರ್ರ," ಎಂದುಬಿಟ್ಟ.

ಫೋನು ಇಟ್ಟ ಮೇಲೆ ನಾಗರತ್ನಾ ಬೈದಿದ್ದರೆ ಚೆನ್ನಾಗಿತ್ತು. ಅವಳು ನಕ್ಷೆಯ ಹಾಳೆಗಳನ್ನು ಒಂದೊಂದಾಗಿ ಸುತ್ತಿಡತೊಡಗಿದಳು. ಆ ಹಾಳೆಗಳ ಮೂಲೆಯಲ್ಲಿ ಅವಳ ಹೆಸರಿತ್ತು. ಬಸವಲಿಂಗ ನಿಂತಲ್ಲೇ ನಿಂತ. ಬೇಡವೆಂದ ಮಾಲಿಗೆ ಮರಳಿ ಹೋಗಬೇಕೋ, ಸಾಹುಕಾರರಿಗೆ ಇಲ್ಲ ಎನ್ನಬೇಕೋ? ಎರಡೂ ಅವನ ಹುಟ್ಟುಗುಣಕ್ಕೆ ಒಗ್ಗದವು. ಯಾವುದು ಹೆಚ್ಚು ಅವಮಾನ, ಯಾವುದು ಕಡಿಮೆ, ಅದನ್ನು ಹಿಡಿ ತೆಗೆದು ನೋಡುವುದೂ ಸಾಧ್ಯವಿರಲಿಲ್ಲ.

"ಕಂಪ್ಯೂಟರ್ ಕಟ್ಟು. ಮಾನ್ವಿಗೆ ಹೋಗಿ ಅಲ್ಲೇ ಹಾಕಿ ನೋಡೂಣು," ಎಂದ ಕೊನೆಗೆ.

ಅಕ್ಕಿ ಚೀಲಗಳ ನಡುವೆ ಕಂಪ್ಯೂಟರನ್ನು ಒತ್ತಿ ಕೂರಿಸಿ, ಟೆಂಪೋದಲ್ಲಿ ಗಂಡಹೆಂಡಿರು ಮಾನ್ವಿ ಮುಟ್ಟಿದಾಗ ಗುಲಾಮ್ ದಸ್ತಗೀರ್ ಅಂಗಡಿಯ ಮುಂದೆ ಚಹ ಕುಡಿಯುತ್ತಿದ್ದ. ಬಸವಲಿಂಗ ಬಾಯಿ ತೆರೆಯುವ ಮೊದಲೇ ಅವನಿಗೆ ಎಲ್ಲ ಅರ್ಥವಾಯಿತು. ಕಪ್ಪನ್ನು ಕೆಳಗಿಟ್ಟ. ಎದ್ದು ನಿಂತ. ಎದೆಯ ಮೇಲೆ ಕೈ ಇಟ್ಟುಕೊಂಡ. ಪಿಸುದನಿಯನ್ನು ಬಿಟ್ಟು, ಬಸವಲಿಂಗನದೇ ದಪ್ಪ ದನಿ, ಅವನದೇ ತಲೆಯ ವಾಲು, ಅವನದೇ ಅರೆಮುಚ್ಚಿದ ಕಣ್ಣು ಮಾಡಿ ಶುರು ಹಚ್ಚಿದ.

"ಮಾಲು ಬಂಗಾರ ಅದ! ನಾ ಹೋಲಿಸಿ ನೋಡೀನಿ! ನಮ್ ಗಿರಾಕಿಗೆ ಹೊಂದಂಗಿಲ್ಲ, ಅಷ್ಟ!"

ಚಹದ ಬಂಡಿಯವನು ನಕ್ಕ. ಪಕ್ಕದ ದರ್ಜಿ ನಕ್ಕ. ಹೊಟ್ಟೆಯುರಿದದ್ದೇನೆಂದರೆ ನಾಗರತ್ನಾಳೂ ನಕ್ಕಳು.

"ತಪ್ಪಾತು ಭಾಯ್," ಎಂದ ಬಸವಲಿಂಗ. "ನಂಗ ಈ ಮಾಲು ನೋಡಾಕ ಬರಂಗಿಲ್ಲ. ಕಾರ್ಡು ಕೊಡ್ರಿ."

"ಕೊಡಾಕ ಬರಂಗಿಲ್ರೀ ಸೇಟ್. ಚೀಕಲಪರ್ವಿ ಅಬ್ದುಲ್ ವಹೀದಗ ಮಾತು ಕೊಟ್ಟೀನಿ. ನಾಳಿ ಬಂದು ಒಯ್ತಾನ." ಗುಲಾಮ್ ದಸ್ತಗೀರ್ ಮತ್ತೆ ಪಿಸುಮಾತಿಗೆ ಇಳಿದ. "ಆದ್ರ ಅವಾ ಬರೂತನಕ ಕಾರ್ಡು ಇಲ್ಲೇ ಖಾಲಿ ಕುಂತಿರ್ತದ. ಅಕ್ಕೋರ, ನಿಮ್ ಕಂಪ್ಯೂಟರ್ ಒಳಗ ತರ್ರಿ. ಇಲ್ಲೇ ಓಡಿಸ್ರಿ."

ಹಾಗೆ, ಹುಡುಗರು ಆಟವಾಡಿ ಸವೆಸಿದ ಕುರ್ಚಿಯ ಮೇಲೆ ಕುಳಿತು ನಾಗರತ್ನಾ ಇಡೀ ಮಂಟಪವನ್ನು ಥರ್ಟಿ ಸಿಕ್ಸ್ಟಿಯ ತಲೆಗೆ ಹೊರಿಸಿದಳು. ಅದು ಏದುಸಿರು ಬಿಟ್ಟಿತು, ಕಾವೇರಿತು, ಮೂರೂ ಫ್ಯಾನು ಬೀಸಿಕೊಂಡಿತು. ಆದರೆ ಎಡವಲಿಲ್ಲ. ಆನೆಯ ಹಿಂದೆ ಆನೆ, ನಿಧಾನವಾಗಿ, ಪರದೆಯ ಮೇಲೆ ಬಂದು ನಿಂತವು. ಭಾನುವಾರ ಬೆಳಿಗ್ಗೆ ವಿಡಿಯೋ ಕೈಯಲ್ಲಿತ್ತು.

ಮುದುಕಪ್ಪ ಸಾಹುಕಾರರಿಗೆ ಸುದ್ದಿ ಮುಟ್ಟಿತು. ಮಧ್ಯಾಹ್ನಕ್ಕೂ ಕಾಯದೆ ಅವರೇ ಅಂಗಡಿಗೆ ನಡೆದು ಬಂದರು. ವಿಡಿಯೋ ಶುರುವಾಯಿತು. ಆನೆಗಳ ನಡುವೆ ಹಾದು, ಕಾರಂಜಿ ದಾಟಿ, ಗೊಂಚಲದೀಪದ ಕೆಳಗೆ ಹೋಗುವಾಗ ಅವರು ಕುಳಿತಲ್ಲೇ ಕಾಲು ಎತ್ತಿಡುತ್ತಿದ್ದರು. ಮುಗಿದ ಮೇಲೆ ಮತ್ತೊಮ್ಮೆ ನೋಡಿದರು. ಮೂರನೆಯ ಸಲ ನೋಡಿ ಬಸವಲಿಂಗನ ಕಡೆ ತಿರುಗಿದರು.

"ಭಾರಿ ಆಗ್ಯದಪಾ ಬಸವಲಿಂಗ! ಈಗ ಆನಿ ಹಿಂದ ಎರಡು ಸಾಲು ಕುದುರಿ ನಿಂದರಸು!"

ಬಸವಲಿಂಗನ ಬಾಯಿ ತಾನಾಗಿ ತೆರೆಯಿತು. "ಆ..." ಎಂದಿತು. ಪರದೆಯ ಮುಂದೆ ನಾಗರತ್ನಾ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಹೊರಟ ಮಾತು ಗಂಟಲಲ್ಲಿ ಹೊರಳಿ ಬೇರೆ ದಾರಿ ಹಿಡಿಯಿತು. "ಆ... ಆಕಿನ್ನ ಕೇಳ್ರಿ ಸಾವಕಾರ್ರ. ಮಂಟಪ ಆಕೀದು. ನನಗ ಅದರಾಗ ಏನೂ ತಿಳಿಯಂಗಿಲ್ಲ."

ಸಾಹುಕಾರರು ಮೊದಲ ಬಾರಿಗೆ ನಾಗರತ್ನಾಳ ಕಡೆ ತಿರುಗಿದರು. ದನಿಯೂ ತಾನಾಗಿ ತಗ್ಗಿತು. "ಏನವಾ ತಂಗಿ? ಕುದುರಿ?"

"ಬ್ಯಾಡ್ರಿ," ಎಂದಳು ನಾಗರತ್ನಾ.

ಮೌಸ್ ಹಿಡಿದು ಬಾಗಿಲಿನ ಚಿತ್ರವನ್ನು ಪರದೆಗೆ ತಂದಳು.

"ಆನಿನೂ ಹೆಚ್ಚಾಗ್ಯಾವ್ರಿ. ಕೇಳೀರಿ ಅಂತ ವಿಡಿಯೋದಾಗ ಹಾಕೀನಿ. ಕಟ್ಟೂ ಮುಂದ ಎಂಟು ತಗಿತೀನಿ. ಊಟದ ಮನಿ ಬಾಗಲಾನೂ ಇದರ ಮಗ್ಗಲಕ್ಕ ಅದ. ಆನಿ ಅಲ್ಲಿ ನಿಂತ್ರ ಊಟಕ್ಕ ಬಂದ ಮಂದಿ ಎಲ್ಲಿ ನಿಂದ್ರಬೇಕು? ಕೈ ತೊಳ್ಕೊಂಡು ಹೊರಗ ಬರೋರು, ಒಳಗ ಹೋಗೋರು, ಅಲ್ಲೇ ಒಬ್ಬರ ಮ್ಯಾಲ ಒಬ್ಬರು ಬೀಳ್ತಾರ."

ಮುದುಕಪ್ಪ ಪರದೆಯನ್ನೇ ದಿಟ್ಟಿಸಿದರು. ಸ್ವಂತ ಮಗಳ ಮದುವೆಯಲ್ಲಿ ಊಟದ ಮನೆಯ ಬಾಗಿಲಿನ ನೂಕುನುಗ್ಗಲಿಗೆ ಬೀಗರು ಸಿಟ್ಟಾಗಿ ಎದ್ದು ಹೊರಟದ್ದು ಅವರಿಗೆ ನೆನಪಾಗಿರಬೇಕು. ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಯಾವ ಎಂಟು ತಗೀತಿ? ತೋರ್ಸು."

ನಾಗರತ್ನಾ ತೋರಿಸಿದಳು. ಅವರು ಒಪ್ಪಲಿಲ್ಲ. ಈ ಆನೆ ಇರಲಿ, ಆ ಆನೆ ಹೋಗಲಿ ಎಂದರು. ಅವಳೂ ಬಿಡಲಿಲ್ಲ. ಬಾಗಿಲಿನ ಅಗಲ ಹೇಳಿದಳು, ಊಟದ ಎಲೆಯ ಸಾಲು ಹೇಳಿದಳು. ಒಂದೊಂದು ಆನೆಗೂ ಜಗಳ ನಡೆದು, ಕೊನೆಗೆ ಸಾಹುಕಾರರು ಎದ್ದರು. "ನಾಳಿ ಮುಂಜಾನಿ ಜಾಗಕ್ಕ ಬಾ ತಂಗಿ. ಹಗ್ಗ, ಸುಣ್ಣ ತರಸ್ತೀನಿ. ಪಾಯಾ ಎಲ್ಲಿ ಬರ್ತದ ನೀನ ಗೆರಿ ಹೊಡಿ."

"ನಾನೂ ಬರ್ಲ್ಯಾ ಸಾವಕಾರ್ರ?" ಎಂದ ಬಸವಲಿಂಗ.

"ನೀ ಬಂದು ಏನ್ ಮಾಡ್ತಿ? ನೀ ಹೂಂ ಅನ್ನಾವ."

ಸಾಹುಕಾರರು ಹೊರಬೀಳುವುದಕ್ಕೂ ಚೀಕಲಪರ್ವಿಯ ಅಬ್ದುಲ್ ವಹೀದ್ ಒಳಗೆ ಬರುವುದಕ್ಕೂ ಸರಿಹೋಯಿತು. ಗುಲಾಮ್ ದಸ್ತಗೀರ್ ಇನ್ನೂ ಬೆಚ್ಚಗಿದ್ದ ಕಾರ್ಡನ್ನು ಬಿಚ್ಚಿ ಅವನ ಕೈಗಿಟ್ಟ. ವಹೀದ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಸವಲಿಂಗನನ್ನು ಕೇಳಿದ. "ಅಣ್ಣ, ನೀವು ಎರಡೂ ಹಾಕಿ ನೋಡೀರಂತಲ್ಲ. ಇದು ಚಲೋನೋ, ಆ ಹೊಸಾದು ಚಲೋನೋ?"

ಬಸವಲಿಂಗ ನಾಗರತ್ನಾಳ ಕಡೆ ನೋಡಿದ. ಅವಳು ಮೇಜಿಗೆ ತಲೆಯಿಟ್ಟು ಆಗಲೇ ನಿದ್ದೆ ಹೋಗಿದ್ದಳು. ಅವನು ವಹೀದನ ತೋಳು ಹಿಡಿದು ಹೊರಗೆ ಕರೆತಂದು, ಚಹದ ಬಂಡಿಯ ಮುಂದೆ ಕೂರಿಸಿ, ದನಿ ತಗ್ಗಿಸಿ ಕೇಳಿದ.

"ನೀ ಎಷ್ಟ್ ಆನಿ ಹೊರಸಾಂವ, ಅದನ್ನ ಮೊದ್ಲ ಹೇಳು."